‘ಸೀಟಿಂಗ್ ಡೆಪ್ತ್’: ಆಳವೋ, ಉದ್ದವೋ, ನೆಗೆತವೋ?

ಎಲ್ಲರಿಗೂ ನಮಸ್ಕಾರ.

ರೈಫಲ್‌ಗೆ ಬೇಕಾದ ತೋಟಾಗಳನ್ನು ತಾವೇ ತುಂಬಿಕೊಳ್ಳುವವರಿಗೆ ಒಂದು ಲೇಖನ ಬರೆಯುತ್ತಿದ್ದೇನೆ. ‘ಬುಲೆಟ್ ಸೀಟಿಂಗ್ ಡೆಪ್ತ್’, ಅಂದರೆ ಗುಂಡನ್ನು ಹಿತ್ತಾಳೆಯ ಕೇಸಿನೊಳಗೆ ಎಷ್ಟು ಇಳಿಸಿ ಕೂರಿಸಬೇಕು ಅನ್ನೋದನ್ನು ಕನ್ನಡದಲ್ಲಿ ಹೇಗೆ ಹೇಳೋದು ಅಂತ ತಿಳಿಯದೆ ನಿಂತಿದ್ದೇನೆ.

‘ಗುಂಡು’ ಸಣ್ಣ ತೊಡಕು. ಮಾತಿನಲ್ಲಿ ಇಡೀ ತೋಟಾಗೂ ಅದೇ ಪದ, ಹಾರಿಹೋಗುವ ಭಾಗಕ್ಕೂ ಅದೇ. ಹಿತ್ತಾಳೆಯ ಕೇಸ್, ತಳದಲ್ಲಿ ಕಿಡಿ ಹೊತ್ತಿಸುವ ಪ್ರೈಮರ್, ಒಳಗೆ ಮದ್ದು, ಬಾಯಲ್ಲಿ ಗುಂಡು, ಎಲ್ಲ ಸೇರಿದರೆ ತೋಟಾ ಅಂತ ಇಟ್ಟುಕೊಂಡಿದ್ದೇನೆ. ‘ಕಾಡತೂಸು’ ನನಗೆ ಇನ್ನೂ ಇಷ್ಟ, ಆದರೆ ಈಗಿನವರಿಗೆ ತಿಳಿಯುತ್ತೋ ಇಲ್ವೋ.

ನಿಜವಾದ ತಲೆನೋವು ‘ಆಳ’. ಗುಂಡು ಕೇಸಿನ ಕತ್ತಿನೊಳಗೆ ಎಷ್ಟು ಇಳಿದಿದೆ ಅನ್ನೋದು ಆಳ. ಆದರೆ ತೋಟಾ ಸಿದ್ಧವಾದ ಮೇಲೆ ಅದು ಕಣ್ಣಿಗೇ ಕಾಣುವುದಿಲ್ಲ. ಕ್ಯಾಲಿಪರ್ ಹಿಡಿದು ಅಳೆಯುವುದು ತಳದಿಂದ ತುದಿವರೆಗಿನ ಉದ್ದವನ್ನು. .308 ವಿಂಚೆಸ್ಟರ್ ಅನ್ನುವ ಬಗೆಯ ತೋಟಾಗೆ 2.810 ಇಂಚು ಮೀರಬಾರದು ಅನ್ನೋದು ಈ ಲೆಕ್ಕ. ಗುಂಡುಗಳ ತುದಿಗಳು ಒಂದೇ ಡಬ್ಬಿಯಲ್ಲೂ ಚೂರುಪಾರು ಹೆಚ್ಚುಕಮ್ಮಿ ಇರುತ್ತವೆ. ಹಾಗಾಗಿ ಹುಷಾರಿನವರು ತುದಿ ಬಿಟ್ಟು, ಮೂತಿ ದಪ್ಪವಾಗುತ್ತಾ ಬಂದು ನಳಿಕೆಗೆ ತಾಗುವ ಜಾಗದವರೆಗೆ ಅಳೆಯುತ್ತಾರೆ. ಇಷ್ಟೆಲ್ಲ ಮಾಡುವುದು ಮೂರನೆಯದೊಂದಕ್ಕೆ: ಗುಂಡು ಕೇಸ್ ಬಿಟ್ಟು ನಳಿಕೆಯೊಳಗಿನ ಸುರುಳಿ ಏಣುಗಳನ್ನು (ಉಬ್ಬಿದ ಗೆರೆಗಳನ್ನು) ಮುಟ್ಟುವ ಮುಂಚೆ ದಾಟುವ ಖಾಲಿ ಜಾಗ. ಇಂಗ್ಲಿಷಿನಲ್ಲಿ ‘ಜಂಪ್’ ಅಂತಾರೆ, ನಾನು ‘ನೆಗೆತ’ ಅಂತ ಬರೆದಿದ್ದೇನೆ.

ಆಳ ಹೆಚ್ಚಿದರೆ ಉದ್ದ ಕಡಿಮೆ, ನೆಗೆತ ಜಾಸ್ತಿ. ‘ಇನ್ನೂ 0.010 ಇಂಚು ಹೆಚ್ಚಿಸಿ’ ಅಂತ ಸುಮ್ನೆ ಬರೆದರೆ ಓದುವವರು ಯಾವುದನ್ನು ಹೆಚ್ಚಿಸಬೇಕು? ಇದು ಬರೀ ಪದದ ಚೌಕಾಸಿ ಅಲ್ಲ. ಗುಂಡು ಏಣುಗಳಿಗೆ ಒತ್ತಿ ಕೂತರೆ ಒತ್ತಡ ಏರುತ್ತದೆ. ತೀರಾ ಒಳಗೆ ಇಳಿಸಿದರೆ ಮದ್ದಿಗೆ ಜಾಗ ಕಿರಿದಾಗಿ, ಆಗಲೂ ಒತ್ತಡ ಏರುತ್ತದೆ. ಎರಡು ಕಡೆಯೂ ಅಪಾಯ. ಅದಕ್ಕೇ ನನ್ನ ಲೇಖನದಲ್ಲಿ ‘ಆಳ’ವನ್ನು ಒಂಟಿಯಾಗಿ ಬಿಡುವುದಿಲ್ಲ. ‘ಗುಂಡನ್ನು ಇನ್ನೂ 0.010 ಇಂಚು ಒಳಕ್ಕೆ ಕೂರಿಸಿ. ನೆಗೆತ ಅಷ್ಟೇ ಹೆಚ್ಚುತ್ತದೆ’ ಅಂತ ಬರೆದಿದ್ದೇನೆ. ಉದ್ದವಾಯಿತು ನಿಜ, ತಪ್ಪು ತಿಳಿಯಲು ಜಾಗವಿಲ್ಲ.

‘ಅಕ್ಯುರಸಿ’ಗೆ ‘ನಿಖರತೆ’ ಕೂಡ ಇಲ್ಲಿ ಸರಿ ಅನ್ನಿಸುತ್ತಿಲ್ಲ. ನೆಗೆತ ಸರಿಹೊಂದಿದರೆ ಹೊಡೆತಗಳು ಒಂದರ ಪಕ್ಕ ಒಂದು ಒತ್ತಾಗಿ ಬೀಳುತ್ತವೆ. ಉದ್ದ ಮೂತಿಯ ಕೆಲವು ಗುಂಡುಗಳಂತೂ ಇಂಚಿನ ಸಾವಿರದ ಕೆಲವೇ ಭಾಗದ ವ್ಯತ್ಯಾಸಕ್ಕೂ ಮುನಿಸಿಕೊಳ್ಳುತ್ತವೆ. ಆದರೆ ಒತ್ತಾಗಿ ಬಿದ್ದ ಆ ಗುಂಪು ಗುರಿಯ ನಡುವೆಯೇ ಇರಬೇಕಂತೇನಿಲ್ಲ. ಅದನ್ನು ನಡುವಿಗೆ ತರುವುದು ದುರ್ಬೀನಿನ ತಿರುಪಿನ ಕೆಲಸ. ‘ನಿಖರತೆ’ ಎರಡನ್ನೂ ನುಂಗಿಬಿಡುತ್ತದೆ, ಅಲ್ವಾ?

ಹೊಡೆತಗಳು ಹೀಗೆ ಪಕ್ಕಪಕ್ಕ ಬೀಳುವುದಕ್ಕೆ ‘ಒತ್ತು’ ಅಂದರೆ ಒತ್ತಡದ ಜೊತೆ ಗೊಂದಲ. ‘ಬಿಗಿ ಗುಂಪು’ ಹೇಗೆ? ‘ಏಣು’, ‘ನೆಗೆತ’ ಎರಡೂ ಸಲೀಸಾಗಿ ತಿಳಿಯುತ್ತವೆಯೇ? ಬಳಸಿ ಗೊತ್ತಿರುವವರು ತಿಳಿಸಿ.