ರಿಸಾಲ್ವರ್ ಕೋನ ಸುತ್ತಿಗೆ ಎರಡು ಸಲ 0.4° ತಪ್ತಿದೆ: ಕರೆಕ್ಷನ್ ಟೇಬಲ್ ಹಾಕ್ಲಾ, ಬೋರ್ಡ್ ತಿದ್ಲಾ?

ಅಂತರಸನಹಳ್ಳಿ_ಸರ್ವೋ (ತುಮಕೂರು):
ರೋಟರಿ ಟೇಬಲ್‌ಗೆ ಒಂದು ಜೋಡಿ ಪೋಲ್‌ನ ರಿಸಾಲ್ವರ್ (ಶಾಫ್ಟ್ ಕೋನವನ್ನು ಸೈನ್, ಕೊಸೈನ್ ಅನ್ನೋ ಎರಡು ವೋಲ್ಟೇಜ್ ಆಗಿ ಕೊಡೋ ಸೆನ್ಸರ್) ಕೂರಿಸಿದ್ದೇವೆ. ಎಕ್ಸೈಟೇಶನ್ (ಅದಕ್ಕೆ ನಾವು ಕೊಡೋ ಎಸಿ) 7 ವೋಲ್ಟ್ ಆರ್‌ಎಂಎಸ್, 10 ಕಿಲೋಹರ್ಟ್ಸ್, ಔಟ್‌ಪುಟ್-ಇನ್‌ಪುಟ್ ರೇಶಿಯೋ 0.5. ರೆಡಿಮೇಡ್ ಕನ್ವರ್ಟರ್ ಚಿಪ್ ಇಲ್ಲ. ಸೈನ್, ಕೊಸೈನ್ ಎರಡಕ್ಕೂ 1 ಕಿಲೋಓಮ್, 10 ನ್ಯಾನೋಫ್ಯಾರಡ್ ಫಿಲ್ಟರ್. ಎರಡು ಎಡಿಸಿಗೂ (ವೋಲ್ಟೇಜನ್ನು ಸಂಖ್ಯೆಗೆ ಬದಲಿಸೋದು) ಒಂದೇ ಟ್ರಿಗರ್, ಸೈಕಲ್‌ಗೆ 16 ಸ್ಯಾಂಪಲ್. ರೆಫರೆನ್ಸ್‌ನಿಂದ (ಎಕ್ಸೈಟೇಶನ್‌ನದೇ ಫ್ರೀಕ್ವೆನ್ಸಿಯ ಅಲೆ) ಗುಣಿಸಿ, ಒಂದು ಪೂರ್ತಿ ಸೈಕಲ್ ಸರಾಸರಿ ತೆಗೆದು, ಆರ್ಕ್‌ಟ್ಯಾನ್ ಹಾಕ್ತೀವಿ. ರೆಫರೆನ್ಸ್ ಫೇಸ್ ಸಿಗ್ನಲ್‌ಗೆ ಹೊಂದಿಸಿಯೇ ಇದೆ.

ಡಿವೈಡಿಂಗ್ ಹೆಡ್ (ಶಾಫ್ಟನ್ನು ನಿಖರ ಕೋನಕ್ಕೆ ನಿಲ್ಲಿಸೋ ಸಾಧನ) ಮೇಲೆ 15°ಗೊಂದು ಸಲ ನಿಲ್ಲಿಸಿ ನೋಡಿದರೆ 0°, 90°ಯಲ್ಲಿ ಸರಿಯಾಗಿದೆ. 45°ಯಲ್ಲಿ +0.39°, 135°ಯಲ್ಲಿ −0.40°, 225°ಯಲ್ಲಿ ಮತ್ತೆ +0.40°. 24 ಪಾಯಿಂಟ್‌ಗೂ ಕರೆಕ್ಷನ್ ಟೇಬಲ್ (ಯಾವ ಕೋನಕ್ಕೆ ಎಷ್ಟು ತಿದ್ದಬೇಕು ಅನ್ನೋ ಪಟ್ಟಿ) ಹಾಕಿಬಿಡೋದಾ? ಇನ್ನೊಂದು ತೊಂದರೆ: 3000 ಆರ್‌ಪಿಎಂನಲ್ಲಿ ಕೋನ ಸುಮಾರು 1.1° ಹಿಂದೆ ಬೀಳುತ್ತೆ.

ನರಸಾಪುರ_ಡ್ರೈವ್ಸ್ (ಕೋಲಾರ):
ಟೇಬಲ್ ಈಗಲೇ ಬೇಡ ಸರ್. ತಪ್ಪು ಸುತ್ತಿಗೆ ಎಷ್ಟು ಸಲ ಬರುತ್ತೆ, ಎಲ್ಲಿ ಸೊನ್ನೆಯಾಗುತ್ತೆ ಅನ್ನೋದರಲ್ಲೇ ಕಾರಣ ಇರುತ್ತೆ.

ಸುತ್ತಿಗೆ ಒಂದು ಸಲ ಬಂದರೆ ಆಫ್‌ಸೆಟ್ (ಒಂದು ಚಾನೆಲ್‌ಗೆ ಸದಾ ಸೇರಿಕೊಳ್ಳೋ ಹೆಚ್ಚುವರಿ ಮೊತ್ತ), ಇಲ್ಲವೇ ಶಾಫ್ಟ್ ಸೆಂಟರ್ ತಪ್ಪಿರೋದು. ಆಫ್‌ಸೆಟ್ 1% ಇದ್ದರೆ 0.57° ತಪ್ಪು. ನೀವು ಪೂರ್ತಿ ಸೈಕಲ್ ಸರಾಸರಿ ತೆಗೆಯೋದರಿಂದ ಡಿಸಿ ಆಫ್‌ಸೆಟ್ ಹೋಗಿರುತ್ತೆ. ಆದರೆ ಎಕ್ಸೈಟೇಶನ್ ತಂತಿಯಿಂದ ಸೈನ್ ತಂತಿಗೆ ಸೋರಿ ಬರೋ 10 ಕಿಲೋಹರ್ಟ್ಸ್ ಹೋಗಲ್ಲ. ಅದಕ್ಕೇ ಮೂರು ವೈಂಡಿಂಗ್‌ಗೂ ಬೇರೆಬೇರೆ ಟ್ವಿಸ್ಟೆಡ್ ಪೇರ್ ಬೇಕು, ಮೋಟರ್ ಕೇಬಲ್‌ನಿಂದ ದೂರ ಇರಬೇಕು.

ಎರಡು ಸಲ ಬಂದು 0°, 90°ಯಲ್ಲಿ ಸೊನ್ನೆ, 45°ಯಲ್ಲಿ ಜಾಸ್ತಿ ಅಂದರೆ ಎರಡು ಚಾನೆಲ್‌ಗಳ ಆಂಪ್ಲಿಟ್ಯೂಡ್ ಸಮ ಇಲ್ಲ ಅಂತ. ವೈಂಡಿಂಗ್‌ಗಳ ನಡುವೆ ಸರಿಯಾಗಿ 90° ಇಲ್ಲದಿದ್ದರೂ ಎರಡೇ ಸಲ ಬರುತ್ತೆ. ಆದರೆ 0°ಯಲ್ಲಿ ಝೀರೋ ಮಾಡಿದರೆ ಆ ತಪ್ಪು ಒಂದೇ ಕಡೆ ವಾಲಿ, 90°ಯಲ್ಲಿ ಅತಿ ಹೆಚ್ಚಾಗಿರುತ್ತೆ. ನಿಮ್ಮದು ಹಾಗಿಲ್ಲ.

ಲೆಕ್ಕ ಸುಲಭ: ಗರಿಷ್ಠ ತಪ್ಪು (ರೇಡಿಯನ್‌ನಲ್ಲಿ) = ಆಂಪ್ಲಿಟ್ಯೂಡ್ ವ್ಯತ್ಯಾಸದ ಅರ್ಧ. 0.4° ಅಂದರೆ 0.007 ರೇಡಿಯನ್, ಹಾಗಾಗಿ ಸೈನ್ ಸುಮಾರು 1.4% ಜಾಸ್ತಿ ಬರ್ತಿದೆ.

ಬೋರ್ಡ್‌ದಾ ರಿಸಾಲ್ವರ್‌ದಾ ಅಂತ ತಿಳಿಯೋಕೆ ಸೈನ್, ಕೊಸೈನ್ ತಂತಿ ಅದಲುಬದಲು ಮಾಡಿ, ಪ್ರೋಗ್ರಾಂನಲ್ಲೂ ಅದಲುಬದಲು ಮಾಡಿ. 45°ಯಲ್ಲಿನ + ತಿರುಗಿ − ಆದರೆ ಬೋರ್ಡ್. ಹಾಗೇ ಇದ್ದರೆ ರಿಸಾಲ್ವರ್ ಅಥವಾ ಕೇಬಲ್.

ಅಂತರಸನಹಳ್ಳಿ_ಸರ್ವೋ:
ಮಾಡಿದೆ ಸರ್, ತಿರುಗಿ −0.39° ಬಂತು. ಕೆಪಾಸಿಟರ್ ಎಕ್ಸ್7ಆರ್ (ಬಿಸಿಗೆ ಮೌಲ್ಯ ಬದಲಾಗೋ ಸೆರಾಮಿಕ್). ಕಿತ್ತು 10 ಕಿಲೋಹರ್ಟ್ಸ್‌ನಲ್ಲಿ ಎಲ್‌ಸಿಆರ್ ಮೀಟರ್‌ಗೆ (ಕೆಪಾಸಿಟರ್ ಅಳೆಯೋ ಮೀಟರ್) ಹಾಕಿದರೆ ಸೈನ್‌ದು 9.6, ಕೊಸೈನ್‌ದು 10.1 ನ್ಯಾನೋಫ್ಯಾರಡ್.

ಗೌರಿಬಿದನೂರು_ಕಂಟ್ರೋಲ್ಸ್ (ಚಿಕ್ಕಬಳ್ಳಾಪುರ):
ಹಾಗಾದ್ರೆ ಸಿಕ್ಕಿತಲ್ಲ. ನಿಮ್ಮ ಫಿಲ್ಟರ್ ಕಾರ್ನರ್ (ಅದಕ್ಕಿಂತ ಮೇಲಿನ ಫ್ರೀಕ್ವೆನ್ಸಿಯನ್ನು ತಗ್ಗಿಸೋ ಗಡಿ) 16 ಕಿಲೋಹರ್ಟ್ಸ್, ಸಿಗ್ನಲ್ 10. ಅಷ್ಟು ಹತ್ತಿರ ಇದ್ದರೆ ಕೆಪಾಸಿಟರ್‌ನ 5% ವ್ಯತ್ಯಾಸದಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ ನೇರವಾಗಿ ಗೇನ್‌ಗೆ (ಸಿಗ್ನಲ್ ಎಷ್ಟು ಪಟ್ಟಾಗಿ ಹೊರಬರುತ್ತೆ ಅನ್ನೋದು) ಬರುತ್ತೆ. 1.4% ಬಂದಿದ್ದು ಅಲ್ಲಿಂದಲೇ. ಇದನ್ನು ಟೇಬಲ್‌ನಲ್ಲಿ ಮುಚ್ಚಿದರೆ ಪ್ಯಾನೆಲ್ ಬಿಸಿಯಾದಾಗ ಮತ್ತೆ ತಪ್ಪುತ್ತೆ. ಖಾತ್ರಿ ಬೇಕಾದರೆ ಕಿತ್ತದ್ದನ್ನೇ ವಾಪಸ್ ಬೆಸುಗೆ ಹಾಕಿ, ಶಾಫ್ಟ್ 45°ಯಲ್ಲಿ ಬಿಗಿದು, ಒಂದು ಚಾನೆಲ್‌ನ ಕೆಪಾಸಿಟರ್ ಮೇಲೆ ಮಾತ್ರ ಹೇರ್ ಡ್ರೈಯರ್ ಹಿಡಿಯಿರಿ. ಶಾಫ್ಟ್ ಅಲುಗಲ್ಲ, ಓದು ಮಾತ್ರ ಜರುಗುತ್ತೆ.

2.2 ನ್ಯಾನೋಫ್ಯಾರಡ್, ಸಿ-ಜೀರೋ-ಜಿ (ಬಿಸಿಗೆ ಹೆಚ್ಚುಕಡಿಮೆ ಬದಲಾಗದ ಸೆರಾಮಿಕ್), 1% ಹಾಕಿ. ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಕೇಳುವಾಗ ಎನ್‌ಪಿಓ ಅಂದರೂ ಅದೇ. ಕಾರ್ನರ್ 72 ಕಿಲೋಹರ್ಟ್ಸ್‌ಗೆ ಹೋಗುತ್ತೆ. ಒಂದು +1%, ಇನ್ನೊಂದು −1% ಇದ್ದರೂ ತಪ್ಪು 0.65 ಆರ್ಕ್ ಮಿನಿಟ್ (1°ಗೆ 60 ಮಿನಿಟ್) ದಾಟಲ್ಲ. ರೆಸಿಸ್ಟರ್ 0.1% ಇರಲಿ.

ಕೆಪಾಸಿಟರ್ ಬದಲಾಯಿಸಿದ ಮೇಲೆ ರೆಫರೆನ್ಸ್ ಫೇಸ್ ಮತ್ತೆ ಹೊಂದಿಸಲೇಬೇಕು, ಇದನ್ನು ಬಹಳ ಜನ ಮರೀತಾರೆ. ಹಳೇ ಫಿಲ್ಟರ್ 32° ತಡ ಮಾಡ್ತಿತ್ತು, ಹೊಸದು 8° ಮಾತ್ರ. ಹಾಗೇ ಬಿಟ್ಟರೆ ನಿಂತಾಗ ಏನೂ ಕಾಣಲ್ಲ. 3000 ಆರ್‌ಪಿಎಂಗೆ ಹೋದಾಗ, ಶಾಫ್ಟ್ ತಿರುಗೋದರಿಂದಲೇ ಹುಟ್ಟೋ 90° ಫೇಸ್‌ನ ವೋಲ್ಟೇಜ್ ಒಳಗೆ ನುಗ್ಗಿ 0.13° ತಪ್ಪು ತರುತ್ತೆ.

ನರಸಾಪುರ_ಡ್ರೈವ್ಸ್:
ಆ 1.1° ಬೇರೆ ವಿಷಯ. 3000 ಆರ್‌ಪಿಎಂ ಅಂದರೆ ಸೆಕೆಂಡಿಗೆ 18,000°. 10 ಕಿಲೋಹರ್ಟ್ಸ್‌ನ ಒಂದು ಸೈಕಲ್ 100 ಮೈಕ್ರೋಸೆಕೆಂಡ್. ಅದರ ಸರಾಸರಿ ಅಂದರೆ ಸಿಗೋದು 50 ಮೈಕ್ರೋಸೆಕೆಂಡ್ ಹಿಂದಿನ ಕೋನ, ಅಲ್ಲಿಗೇ 0.9° ಆಯ್ತು. ಉಳಿದದ್ದು ಫಿಲ್ಟರ್ ಮತ್ತು ಲೆಕ್ಕಾಚಾರದ ತಡ. ವೇಗವನ್ನು ಒಟ್ಟು ತಡದಿಂದ ಗುಣಿಸಿ ಕೋನಕ್ಕೆ ಕೂಡಿಸಿ. ಎರಡೂ ದಿಕ್ಕಿಗೆ ಓಡಿಸಿ ನೋಡಿ. ಚಿಹ್ನೆ ಬದಲಾಗಿ ಅಷ್ಟೇ ಬಂದರೆ ಅದು ಶುದ್ಧ ತಡ. ಟೈಪ್-2 ಟ್ರ್ಯಾಕಿಂಗ್ ಲೂಪ್ (ಕೋನವನ್ನು ಬೆನ್ನಟ್ಟಿ ಅಂದಾಜಿಸೋ ಲೆಕ್ಕ) ಹಾಕಿದರೂ ಈ ತಡ ಹೋಗಲ್ಲ, ಯಾಕಂದ್ರೆ ಅದು ಲೂಪ್‌ಗೆ ಬರೋ ಮುಂಚೆಯೇ ಆಗಿರುತ್ತೆ.

ಅಂತರಸನಹಳ್ಳಿ_ಸರ್ವೋ:
2.2 ಹಾಕಿ, ಫೇಸ್ ಹೊಂದಿಸಿ ಅಳೆದೆ. 45°ಯಲ್ಲಿ ಈಗ +0.09°. ಇದನ್ನೂ ತೆಗೀಬಹುದಾ?

ಗೌರಿಬಿದನೂರು_ಕಂಟ್ರೋಲ್ಸ್:
0.09° ಅಂದರೆ ಸುಮಾರು 5 ಆರ್ಕ್ ಮಿನಿಟ್. ಇನ್‌ಪುಟ್ ಆಂಪ್ಲಿಫೈಯರ್‌ನ 0.1% ರೆಸಿಸ್ಟರ್‌ಗಳೇ ಎದುರುಬದುರು ಬಿದ್ದರೆ ಇಷ್ಟು ಬರುತ್ತೆ. ನಿಧಾನ ಒಂದು ಸುತ್ತು ತಿರುಗಿಸಿ, ಎರಡು ಚಾನೆಲ್‌ನದೂ ಗರಿಷ್ಠ, ಕನಿಷ್ಠ ಹಿಡಿದು, ಕೊಸೈನ್‌ಗೆ ಒಂದು ಗೇನ್ ಸಂಖ್ಯೆ ಕೊಡಿ ಸಾಕು. ಆಮೇಲೆ ರಿಸಾಲ್ವರ್ ಡೇಟಾಶೀಟ್ ನೋಡಿ. ±10 ಆರ್ಕ್ ಮಿನಿಟ್ ಅಂತ ಬರೆದಿದ್ದರೆ, ಬೋರ್ಡ್‌ನಲ್ಲಿ ಇನ್ನೂ 1 ಮಿನಿಟ್ ಹಿಂಡೋಕೆ ಸಮಯ ಹಾಕಬೇಡಿ.

ಅಂತರಸನಹಳ್ಳಿ_ಸರ್ವೋ:
±10 ಅಂತಲೇ ಇದೆ ಸರ್. ಗೇನ್ ಸಂಖ್ಯೆ ಹಾಕಿ ಇಲ್ಲಿಗೆ ನಿಲ್ಲಿಸ್ತೀನಿ. ಇಬ್ಬರಿಗೂ ಧನ್ಯವಾದ.