ಮಳೆಗಾಲದಲ್ಲಿ ಸ್ನೂಕರ್ ಮೇಜು ನಿಧಾನವಾಗುವುದೇಕೆ?

ಪ್ರಶ್ನೆ (ಮಂಗಳೂರು):
ಆರು ವರ್ಷ ಬೆಂಗಳೂರಿನಲ್ಲಿ ಆಡಿದ ನಾನು ಈಗ ಕೆಲಸದ ನಿಮಿತ್ತ ಮಂಗಳೂರಿನಲ್ಲಿದ್ದೇನೆ. ಜೂನ್‌ನಲ್ಲಿ ಮಳೆ ಹಿಡಿದಂದಿನಿಂದ ನನ್ನ ಅಂದಾಜೆಲ್ಲ ತಪ್ಪುತ್ತಿದೆ. ದೂರದ ಚೆಂಡಿಗೆ ಸ್ಕ್ರೂ (ತಾಗಿದ ಮೇಲೆ ಹಿಂದಕ್ಕೆ ಮರಳುವಂತೆ ಹೊಡೆಯುವ ಹೊಡೆತ) ಹೊಡೆದರೆ ಕ್ಯೂ ಚೆಂಡು, ಅಂದರೆ ಕೋಲಿನಿಂದ ಹೊಡೆಯುವ ಬಿಳಿ ಚೆಂಡು, ಹಿಂದಕ್ಕೆ ಬರುವುದೇ ಇಲ್ಲ. ಮೆಲ್ಲನೆ ಹೊಡೆದ ಚೆಂಡು ಪಾಕೆಟ್ಟಿನ ಬಾಯಿಯವರೆಗೆ ಹೋಗಿ ನಿಂತುಬಿಡುತ್ತದೆ. ತೇವದ ಗಾಳಿ ಭಾರವಾಗಿರುವುದೇ ಇದಕ್ಕೆ ಕಾರಣವೆಂದು ಜೊತೆಯವರು ಹೇಳುತ್ತಾರೆ. ಅದು ನಿಜವೇ?

ಉತ್ತರ 1:
ಗಾಳಿಯ ಮೇಲೆ ತಪ್ಪು ಹೊರಿಸಬೇಡಿ. ನೀರಾವಿಯ ಅಣುಭಾರ 18, ಒಣ ಗಾಳಿಯದು ಸರಾಸರಿ 29; ಆದ್ದರಿಂದ ಒಂದೇ ಉಷ್ಣತೆ ಮತ್ತು ಒತ್ತಡದಲ್ಲಿ ತೇವದ ಗಾಳಿಯೇ ತುಸು ಹಗುರ. ತೇವವನ್ನು ಹಿಡಿದಿಡುವುದು ಮೇಜಿನ ಬಟ್ಟೆ. ಅದರಲ್ಲಿರುವ ಉಣ್ಣೆಯು ಮುಟ್ಟಿದರೆ ಒದ್ದೆಯೆನಿಸದಂತೆಯೇ ತನ್ನ ತೂಕದ ಕಾಲು ಭಾಗಕ್ಕೂ ಮೀರಿ ತೇವವನ್ನು ಹೀರಿಕೊಳ್ಳಬಲ್ಲದು. ಹಾಗೆ ನೂಲು ಉಬ್ಬಿದಾಗ ಚೆಂಡಿಗೆ ತಡೆ ಹೆಚ್ಚುತ್ತದೆ. ನೀವು ಕ್ಯೂ ಚೆಂಡಿನ ಕೆಳಭಾಗಕ್ಕೆ ಹೊಡೆದಾಗ ಅದು ಹಿಂದಕ್ಕೆ ತಿರುಗುತ್ತಲೇ ಮುಂದಕ್ಕೆ ಜಾರುತ್ತದೆ. ಜಾರುವ ದಾರಿಯುದ್ದಕ್ಕೂ ಬಟ್ಟೆಯ ಘರ್ಷಣೆ ಆ ತಿರುಗುವಿಕೆಯನ್ನು ಸವೆಸುವುದರಿಂದ, ಗುರಿಯ ಚೆಂಡನ್ನು ಮುಟ್ಟುವ ಹೊತ್ತಿಗೆ ಅದರಲ್ಲಿ ಹೆಚ್ಚೇನೂ ಉಳಿದಿರುವುದಿಲ್ಲ. ಒಂದು ಅಡಿ ಅಂತರದಲ್ಲಿ ಇದೇ ಹೊಡೆತವನ್ನು ಹೊಡೆದು ನೋಡಿ. ಅಲ್ಲಿ ಸ್ಕ್ರೂ ಚೆನ್ನಾಗಿಯೇ ಕಚ್ಚುತ್ತದೆ, ಏಕೆಂದರೆ ಸವೆಯಲು ದಾರಿಯೇ ಇರುವುದಿಲ್ಲ.

ಉತ್ತರ 2:
ಮೇಲಿನ ವಿವರಣೆಯನ್ನು ನಾನು ಒಪ್ಪುತ್ತೇನೆ. ದೊಡ್ಡ ಸ್ನೂಕರ್ ಪಂದ್ಯಗಳ ಮೇಜುಗಳಲ್ಲಿ ಬಟ್ಟೆಯಡಿಯ ಸ್ಲೇಟ್ ಕಲ್ಲಿನ ಕೆಳಗೆ ಹೀಟರ್ ಅಳವಡಿಸುವುದೂ, ಪಾಕೆಟ್ಟಿಲ್ಲದ ಮೇಜಿನಲ್ಲಿ ಆಡುವ ಮೂರು ಚೆಂಡುಗಳ ಕ್ಯಾರಮ್ ಬಿಲಿಯರ್ಡ್ಸ್‌ನಲ್ಲಿ ಕಲ್ಲನ್ನು ಕೋಣೆಗಿಂತ ಕೆಲವು ಡಿಗ್ರಿ ಬೆಚ್ಚಗಿಡುವುದೂ ಬಟ್ಟೆಯನ್ನು ಒಣಗಿಸಿ ಚೆಂಡು ಹರಿದಾಡುವಂತೆ ಮಾಡುವುದಕ್ಕೇ. ನಮ್ಮ ಊರಿನ ಕ್ಲಬ್‌ಗಳಲ್ಲಿ ಆ ಸೌಕರ್ಯ ಅಪರೂಪ. ಆಟಗಾರರು ಬಂದ ಮೇಲಷ್ಟೇ ಎ.ಸಿ. ಹಾಕುತ್ತಾರೆ; ರಾತ್ರಿಯಿಡೀ ತೇವ ಕುಡಿದ ಬಟ್ಟೆ ಅರ್ಧ ಗಂಟೆಯಲ್ಲಿ ಒಣಗುವುದಿಲ್ಲ. ಮೇಜನ್ನು ಬಾಲ್ಕ್ (ಆಟ ಶುರುವಾಗುವ ತುದಿ) ಕಡೆಯಿಂದ ಕಪ್ಪು ಚೆಂಡಿನ ಕಡೆಗೆ ಬ್ರಷ್ ಮಾಡಿ, ಅದೇ ದಿಕ್ಕಿನಲ್ಲಿ ಮೇಜಿನ ಇಸ್ತ್ರಿಪೆಟ್ಟಿಗೆಯನ್ನು ಹದವಾದ ಬಿಸಿಯಲ್ಲಿ ಎಳೆಯಲು ಕ್ಲಬ್ಬಿನವರನ್ನು ಕೇಳಿಕೊಳ್ಳಿ. ಬಿಸಿ ಹೆಚ್ಚಾದರೆ ಉಣ್ಣೆ ಸುಡುತ್ತದೆ, ಆದ್ದರಿಂದ ಅಭ್ಯಾಸವಿದ್ದವರೇ ಆ ಕೆಲಸ ಮಾಡಬೇಕು.

ಪ್ರಶ್ನೆ ಕೇಳಿದವರು:
ಒಂದು ಅಡಿಯ ಪರೀಕ್ಷೆ ಮಾಡಿದೆ. ನೀವು ಹೇಳಿದಂತೆಯೇ ಹತ್ತಿರದಲ್ಲಿ ಚೆಂಡು ಸರಿಯಾಗಿ ಹಿಂದಕ್ಕೆ ಬರುತ್ತಿದೆ. ಆದರೆ ಕ್ಯೂ ಕೋಲು ಕೂಡ ಬೆರಳುಗಳ ನಡುವೆ ಸಿಕ್ಕಿಕೊಂಡಂತಾಗುತ್ತದೆ. ಪೌಡರ್ ಹಚ್ಚಬಹುದೇ?

ಉತ್ತರ 3:
ದಯವಿಟ್ಟು ಪೌಡರ್ ಬೇಡ. ಅದು ಬಟ್ಟೆಯ ಮೇಲೆ ಉದುರಿ, ಬೆವರು ಮತ್ತು ಚಾಕ್ ಪುಡಿಯೊಂದಿಗೆ ಸೇರಿ ಚೆಂಡುಗಳಿಗೆ ಮೆತ್ತಿಕೊಳ್ಳುತ್ತದೆ. ಕೊಳೆಯಾದ ಚೆಂಡುಗಳು ತಾಗುವಾಗ ಒಂದನ್ನೊಂದು ಹೆಚ್ಚು ಎಳೆಯುವುದರಿಂದ, ಓರೆಯಾಗಿ ತಾಗಿಸುವ ಹೊಡೆತಗಳಲ್ಲಿ ಗುರಿಯ ಚೆಂಡು ನಾವು ಎಣಿಸಿದ ದಾರಿ ಬಿಟ್ಟು ಸರಿಯುತ್ತದೆ. ಒಂದು ಕೈಗವಸು ಕೊಳ್ಳಿ, ಕ್ಯೂವನ್ನು ಪ್ರತಿ ಫ್ರೇಮಿನ (ಒಂದು ಆಟದ) ನಂತರ ಒಣ ಬಟ್ಟೆಯಲ್ಲಿ ಒರೆಸಿ, ಮನೆಯಲ್ಲಿ ಗೋಡೆಗೆ ಒರಗಿಸದೆ ಪೆಟ್ಟಿಗೆಯೊಳಗಿಡಿ. ತೇವ ಕುಡಿದ ಮರ ಒರಗಿದ ಕಡೆಗೇ ಬಾಗುತ್ತದೆ. ಇನ್ನು ಆಟ ಶುರುಮಾಡುವ ಮುನ್ನ ಬಾಲ್ಕ್ ಗೆರೆಯಿಂದ ಒಂದು ಚೆಂಡನ್ನು ಎದುರಿನ ರಬ್ಬರ್ ಅಂಚಾದ ಕುಶನ್‌ಗೆ ಹೊಡೆದು, ಅದು ಮರಳಿ ಎಲ್ಲಿ ನಿಲ್ಲುತ್ತದೆಂದು ದಿನವೂ ಗಮನಿಸಿ. ಆ ದಿನದ ಮೇಜಿಗೆ ಎಷ್ಟು ಬಲ ಬೇಕೆಂಬುದು ನಾಲ್ಕೈದು ಹೊಡೆತಗಳಲ್ಲೇ ಕೈಗೆ ತಿಳಿಯುತ್ತದೆ.