ಪಕ್ಕದ ಮನೆಯವರು ಥ್ಯಾಂಕ್ಸ್‌ಗಿವಿಂಗ್ ಊಟಕ್ಕೆ ಕರೆದಿದ್ದಾರೆ. ಇದು ನಮ್ಮ ಸುಗ್ಗಿ ಥರಾನಾ?

ತುಂಗೆಯ ಹುಡುಗಿ:
ಒಹಾಯೊಗೆ ಬಂದು ಒಂಬತ್ತು ತಿಂಗಳಾಯಿತು. ಪಕ್ಕದ ಮನೆಯ ಅಜ್ಜಿ ಗುರುವಾರ ಊಟಕ್ಕೆ ಕರೆದಿದ್ದಾರೆ. ನಮ್ಮ ತೀರ್ಥಹಳ್ಳಿ ಕಡೆ ಹೊಸ ಅಕ್ಕಿ ಊಟ ಮಾಡುತ್ತೇವಲ್ಲ, ಇದೂ ಅಂಥದ್ದೇನಾ? ಆದರೆ ಇಲ್ಲಿ ಹೊಲ ಆಗಲೇ ಬೋಳಾಗಿದೆ. ಇಷ್ಟು ತಡವಾಗಿ ಯಾಕೆ? ನಾವು ಸಸ್ಯಾಹಾರಿಗಳು ಬೇರೆ. ಏನು ತಗೊಂಡು ಹೋಗಲಿ?

ಬಾಸ್ಟನ್ ಭಾವ:
ತಂಗಿ, ಖಂಡಿತ ಹೋಗು. ಈ ಹಬ್ಬದ ಕಥೆ ಶುರುವಾದ ಪ್ಲಿಮತ್ ಊರಿನ ಹತ್ತಿರ ನಾನು 22 ವರ್ಷದಿಂದ ಇದ್ದೇನೆ, ಆ ಕಥೆ ನನಗೆ ಬಹಳ ಮುಖ್ಯ.

1620ರಲ್ಲಿ ಮೇಫ್ಲವರ್ ಹಡಗಿನಲ್ಲಿ ಇಂಗ್ಲೆಂಡಿನಿಂದ 102 ಜನ ಇಲ್ಲಿ ನೆಲೆಸೋಕೆ ಬಂದರು. ಮೊದಲ ಚಳಿಗಾಲದಲ್ಲೇ ಸುಮಾರು ಅರ್ಧ ಜನ ಸತ್ತರು. ಉಳಿದವರಿಗೆ ಮುಸುಕಿನ ಜೋಳ ಬಿತ್ತಲು, ಬುಡಕ್ಕೆ ಮೀನಿನ ಗೊಬ್ಬರ ಹಾಕಲು ಕಲಿಸಿದವನು ಟಿಸ್ಕ್ವಾಂಟಮ್ ಅನ್ನೋ ಮೂಲನಿವಾಸಿ. ಅವನನ್ನು 1614ರಲ್ಲಿ ಒಬ್ಬ ಇಂಗ್ಲಿಷ್ ಕ್ಯಾಪ್ಟನ್ ಹಿಡಿದು ಸ್ಪೇನ್‌ಗೆ ಮಾರಲು ಒಯ್ದಿದ್ದ. ಹೇಗೋ ತಪ್ಪಿಸಿಕೊಂಡು 1619ರಲ್ಲಿ ವಾಪಸ್ ಬಂದರೆ, ಅವನ ಪಟುಕ್ಸೆಟ್ ಊರೇ ಖಾಲಿ. ಎಲ್ಲರೂ ಸಾಂಕ್ರಾಮಿಕ ರೋಗಕ್ಕೆ ಹೋಗಿದ್ದರು. ಪ್ಲಿಮತ್ ಕಟ್ಟಿದ್ದು ಅದೇ ಜಾಗದಲ್ಲಿ. ಇದನ್ನು ನೆನೆದರೆ ಇವತ್ತಿಗೂ ಹೊಟ್ಟೆ ಸಂಕಟ ಆಗುತ್ತೆ.

1621ರಲ್ಲಿ ಬೆಳೆ ಬಂದಾಗ ಮೂರು ದಿನ ಊಟ. ಅಲ್ಲಿನ ಮೂಲನಿವಾಸಿಗಳಾದ ವಾಂಪನೋಗ್ ಜನರ ನಾಯಕ ಮ್ಯಾಸಸಾಯಿಟ್ ಸುಮಾರು 90 ಜನರ ಜೊತೆ ಬಂದಿದ್ದ. ಅವರು ಐದು ಜಿಂಕೆ ಬೇಟೆಯಾಡಿ ತಂದರು. ಹಡಗಿನಲ್ಲಿ ಬಂದವರಲ್ಲೊಬ್ಬನಾದ ಎಡ್ವರ್ಡ್ ವಿನ್‌ಸ್ಲೋ ಬರೆದ ಪತ್ರದಲ್ಲಿ ಇದೆಲ್ಲ ಇದೆ, ಆದರೆ ಈಗ ಈ ಹಬ್ಬದ ಮುಖ್ಯ ಅಡುಗೆಯಾದ ಟರ್ಕಿ ಕೋಳಿ ಹೆಸರಿಲ್ಲ.

ಈಗಿನ ರಾಷ್ಟ್ರೀಯ ಹಬ್ಬ ಬಂದದ್ದು ಎಷ್ಟೋ ಆಮೇಲೆ. ಸಾರಾ ಹೇಲ್ ಅನ್ನೋ ಪತ್ರಿಕೆ ಸಂಪಾದಕಿ ವರ್ಷಗಟ್ಟಲೆ ಪತ್ರ ಬರೆದು ಬೆನ್ನು ಹತ್ತಿದರು. ಹೊಲದ ಕೆಲಸ ಮುಗಿದು ಎಲ್ಲರೂ ಕೂರುವ ಹೊತ್ತು ಅಂತ ನವೆಂಬರ್ ಕೊನೆಯ ಗುರುವಾರ ಕೇಳಿದ್ದು ಅವರೇ. 1863ರಲ್ಲಿ, ಅಂತರ್ಯುದ್ಧದ ನಡುವೆ, ಲಿಂಕನ್ ಅದನ್ನು ಘೋಷಿಸಿದರು. ನಾಲ್ಕನೇ ಗುರುವಾರ ಅಂತ ಕಾನೂನಾಗಿದ್ದು 1941ರಲ್ಲಿ.

1970ರಿಂದ ಅದೇ ದಿನ ಪ್ಲಿಮತ್‌ನ ಕೋಲ್ಸ್ ಹಿಲ್‌ನಲ್ಲಿ ಮೂಲನಿವಾಸಿಗಳು, ವಲಸಿಗರು ಬಂದಮೇಲೆ ಕಳೆದುಕೊಂಡ ತಮ್ಮ ಜನ, ನೆಲ ನೆನೆದು ಶೋಕದಿನ ಆಚರಿಸುತ್ತಾರೆ. ನಾನು ಪ್ರತಿ ವರ್ಷ ಮೊದಲು ಅಲ್ಲಿ ಹೋಗಿ ನಿಂತು, ಆಮೇಲೆ ಗೆಳೆಯರ ಮನೆ ಊಟಕ್ಕೆ ಹೋಗುತ್ತೇನೆ. ಎರಡೂ ಬೇಕು ನನಗೆ.

ಟೊರೊಂಟೊ ಶಾರದಕ್ಕ:
ನಮ್ಮ ಕೆನಡಾದಲ್ಲಿ ಇದು ಅಕ್ಟೋಬರ್ ಎರಡನೇ ಸೋಮವಾರ, ಮುಗಿದೇ ಹೋಯಿತು! ಊಟದ್ದು ನಾನು ಹೇಳುತ್ತೇನೆ. ಗ್ರೇವಿ ಟರ್ಕಿ ರಸದ್ದು, ಮುಟ್ಟಬೇಡ. ಸ್ಟಫಿಂಗ್ ನೋಡೋಕೆ ಬರೀ ಬ್ರೆಡ್, ಆದರೆ ಜಾಸ್ತಿ ಕೋಳಿ ಸಾರಲ್ಲೇ ನೆನೆಸಿರುತ್ತಾರೆ. ಗೆಣಸಿನ ಮೇಲಿನ ಮಾರ್ಷ್‌ಮ್ಯಾಲೋ ಸಿಹಿಯಲ್ಲಿ ಪ್ರಾಣಿಗಳ ಮೂಳೆ, ಚರ್ಮದಿಂದ ತೆಗೆದ ಜೆಲಟಿನ್ ಇರುತ್ತೆ. ಮೊದಲೇ ಅಜ್ಜಿಗೆ ಹೇಳಿಬಿಡು, ಬೇಜಾರು ಮಾಡಿಕೊಳ್ಳಲ್ಲ. ನೀನು ಕ್ರ್ಯಾನ್‌ಬೆರಿ ಗೊಜ್ಜು ಮಾಡು. ಹುಳಿ ಅದರಲ್ಲೇ ಇದೆ, ಹುಣಸೆಹಣ್ಣು ಬೇಡ. ಬೆಲ್ಲ, ಒಣಮೆಣಸು, ಸಾಸಿವೆ ಇಂಗಿನ ಒಗ್ಗರಣೆ ಸಾಕು. ಮತ್ತೆ ಊಟ ಮಧ್ಯಾಹ್ನ ಮೂರಕ್ಕೇ ಇರಬಹುದು, ಸಮಯ ಕೇಳಿಕೋ.

ತುಂಗೆಯ ಹುಡುಗಿ:
ಭಾವ, ಟಿಸ್ಕ್ವಾಂಟಮ್ ಕಥೆ ಓದಿ ಸುಮ್ನೆ ಕೂತುಬಿಟ್ಟೆ. ಶಾರದಕ್ಕ, ಈಗಷ್ಟೇ ಹೋಗಿ ಕೇಳಿದೆ. ಊಟ ಎರಡೂವರೆಗಂತೆ. ನಮಗೆ ಅಂತ ಸ್ಟಫಿಂಗ್ ತರಕಾರಿ ಸಾರಲ್ಲಿ ಬೇರೆ ಮಾಡುತ್ತಾರಂತೆ. ಗೊಜ್ಜಿಗೆ ಖಾರ ಎಷ್ಟು ಹಾಕಲಿ ಅಂದರೆ, 'ನಿಮ್ಮ ಮನೇಲಿ ಹಾಕುವಷ್ಟೇ' ಅಂದರು.